ಆ ವರ್ಷದ ಹಿಡಿ ಅಕ್ಕಿ

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದ ಮೂರನೆಯ ಭಾನುವಾರ ಪೂಜೆ ಮುಗಿದ ಮೇಲೆ ನಾನು ಚರ್ಚಿನ ಹಿಂದಿನ ಕೋಣೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ನಮ್ಮ ಮನೆಗಳಲ್ಲಿ ಬೂದಿ ಬುಧವಾರದಿಂದ ಒಂದು ಪದ್ಧತಿ ಶುರುವಾಗುತ್ತದೆ. ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಮಡಕೆಗೆ ಹಾಕಬೇಕು. ಅಂದು ಅಷ್ಟು ಕಡಿಮೆ ಉಣ್ಣಬೇಕು. ಭಾನುವಾರ ಆ ಅಕ್ಕಿಯನ್ನು ಚರ್ಚಿಗೆ ತಂದು ಸುರಿಯಬೇಕು. ಶುಭ ಶುಕ್ರವಾರ ಆರಾಧನೆ ಮುಗಿಸಿ ಉಪವಾಸದಲ್ಲಿ ಹೊರಬಂದವರಿಗೆಲ್ಲ ಅದೇ ಅಕ್ಕಿಯ ಗಂಜಿ. ಉಳಿದದ್ದು ಬಡವರಿಗೆ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ದೊಡ್ಡ ಪಾತ್ರೆ, ದೊಡ್ಡ ಒಲೆ ಅಭ್ಯಾಸವಿದ್ದದ್ದರಿಂದ ಗಂಜಿಯ ಕೆಲಸ ಪ್ರತಿವರ್ಷ ನನ್ನ ಪಾಲಿಗೇ ಬರುತ್ತಿತ್ತು. ಅದರಲ್ಲಿ ಕಷ್ಟದ ಭಾಗವೆಂದರೆ ಅಕ್ಕಿ ಬೇರ್ಪಡಿಸುವುದು. ಒಬ್ಬರ ಮನೆಯದು ರೇಷನ್ ಅಕ್ಕಿ, ಇನ್ನೊಬ್ಬರದು ಸಣ್ಣಕ್ಕಿ, ಮತ್ತೊಬ್ಬರದು ಕುಸುಬಲಕ್ಕಿ. ಒಂದು ಬೇಯುವ ಹೊತ್ತಿಗೆ ಇನ್ನೊಂದು ಕರಗಿರುತ್ತದೆ.

ಚರ್ಚಿನ ಪಕ್ಕದಲ್ಲಿ ಸಣ್ಣ ದವಾಖಾನೆ ನಡೆಸುತ್ತಿದ್ದ ಸಿಸ್ಟರ್ ಬಂದು ಬಾಗಿಲಲ್ಲಿ ನಿಂತರು. ಮಂಗಳೂರು ಕಡೆಯವರು. ನರ್ಸ್ ಕೆಲಸ ಕಲಿತಿದ್ದರು.

"ಅಕ್ಕ, ಈ ಅಕ್ಕಿ ಶುಭ ಶುಕ್ರವಾರದವರೆಗೆ ಇಲ್ಲಿಯೇ ಇರುವುದಾ?"

"ಹೌದು ಸಿಸ್ಟರ್. ಯಾಕೆ?"

"ನನಗೆ ಇದು ನಾಳೆಯೇ ಬೇಕು."

ಕೂತುಕೊಳ್ಳಿ ಎಂದೆ. ಕೂರಲಿಲ್ಲ. ಮಾಗಡಿ ರಸ್ತೆಯಾಚೆ, ಹೇರೋಹಳ್ಳಿಯ ಕಡೆಗೆ, ಒಂದು ಹಳ್ಳಿಯಲ್ಲಿ ವಾಂತಿ ಭೇದಿ ಹಬ್ಬಿತ್ತು. ಕೆರೆ ಒಣಗಿ, ಇದ್ದೊಂದು ಬಾವಿಯ ತಳದ ನೀರನ್ನೇ ಊರೆಲ್ಲ ಸೇದುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಜಾಗವಿಲ್ಲದೆ ಜನ ವರಾಂಡದಲ್ಲಿ ಮಲಗಿದ್ದರು. ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪೊಟ್ಟಣ ಸಿಸ್ಟರ್ ಹತ್ತಿರ ಮುಗಿದುಹೋಗಿತ್ತು.

"ಕಾಲರಾನಾ ಸಿಸ್ಟರ್?"

"ಅದುವೇ. ಇದು ಇಲ್ಲಿ ಹುಟ್ಟಿದ ಕಾಯಿಲೆ ಅಲ್ಲ ಅಕ್ಕ. ಎಷ್ಟೋ ವರ್ಷದಿಂದ ದೇಶ ದೇಶ ತಿರುಗಿಕೊಂಡು ಉಂಟು. ಈಗ ನಮ್ಮ ಬಾಗಿಲಿಗೆ ಬಂದಿದೆ. ಮೈಯ ನೀರೆಲ್ಲ ಹೋಗುವುದರಿಂದ ಸಾಯುವುದು. ಹೋದಷ್ಟು ನೀರು ಒಳಗೆ ಹಾಕಿದರೆ ಬದುಕುತ್ತಾರೆ. ಪೊಟ್ಟಣ ಇಲ್ಲದಿದ್ದರೆ ಉಪ್ಪು ಹಾಕಿದ ತೆಳು ಗಂಜಿ ಸಾಕು."

ನಮ್ಮ ಚರ್ಚಿನ ಫಾದರ್, ವಿಚಾರಣಾ ಗುರುಗಳಾದ ಸ್ವಾಮಿಯವರು ಅಲ್ಲೇ ಅಂಗಳದಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿ ಕೇಳಿದರು. ಒಬ್ಬರು ಒಪ್ಪಲಿಲ್ಲ. "ನಮ್ಮ ತಾತನ ಕಾಲದಿಂದ ಊರಲ್ಲಿ ನಡ್ಕೊಂಡು ಬಂದಿರೋ ಗಂಜಿ ಸ್ವಾಮಿ. ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಅದನ್ನೇ ನಿಲ್ಲಿಸೋದಾ?"

"ಶುಕ್ರವಾರಕ್ಕೆ ಉಳಿದ್ರೆ ಮಾಡೋಣ," ಎಂದರು ಸ್ವಾಮಿಯವರು. ಅವರು ಹೆಚ್ಚು ಮಾತಾಡುವವರಲ್ಲ. ಕೋಣೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಆ ತಿಂಗಳು ನನಗೆ ಎರಡನೇ ಪಾಳಿ. ಬೆಳಗಿನ ಹೊತ್ತು ಬಿಡುವಿತ್ತು. ಸೋಮವಾರ ಮೊದಲ ಬಸ್ಸು ಹೋಗುವ ಮುಂಚೆಯೇ ಚರ್ಚಿನ ಅಂಗಳದಲ್ಲಿ ಕಲ್ಲಿಟ್ಟು ಸೌದೆ ಒಲೆ ಹಚ್ಚಿದೆ. ಇಡೀ ಅಕ್ಕಿ ನೀರಲ್ಲಿ ಕರಗಲು ಹೊತ್ತು ಹಿಡಿಯುತ್ತದೆಂದು ಮೊದಲೇ ಗಿರಣಿಯಲ್ಲಿ ನುಚ್ಚು ಮಾಡಿಸಿದ್ದೆ. ನೀರು ಮರಳಿದ ಮೇಲೆ ನುಚ್ಚು ಬಿಟ್ಟು, ತಳ ಹಿಡಿಯದಂತೆ ತಿರುವುತ್ತಾ, ಕಾಳು ಕಣ್ಣಿಗೆ ಕಾಣದಷ್ಟು ಬೇಯಿಸಿ, ಬಿಳಿ ಬಟ್ಟೆಯಲ್ಲಿ ಸೋಸಬೇಕು. ನನ್ನ ಕೈ ಕ್ಯಾಂಟೀನಿನ ಕೈ. ಉಪ್ಪನ್ನು ಕಣ್ಣಳತೆಯಲ್ಲೇ ಹಾಕಿದೆ. ಸಿಸ್ಟರ್ ಒಂದು ಚಮಚ ರುಚಿ ನೋಡಿ ಹಂಡೆಯನ್ನೇ ಪಕ್ಕಕ್ಕೆ ಇಡಿಸಿದರು.

"ಇಷ್ಟು ಉಪ್ಪಾದರೆ ಮಕ್ಕಳಿಗೆ ವಿಷ. ಅಳುವಾಗ ಕಣ್ಣೀರು ಬಾಯಿಗೆ ಬರುತ್ತದಲ್ಲ, ಅದಕ್ಕಿಂತ ಹೆಚ್ಚು ಉಪ್ಪು ಇರಬಾರದು."

ಇನ್ನೊಂದು ಹಂಡೆ ಇಟ್ಟೆ. ಎರಡು ಹಾಲಿನ ಕ್ಯಾನುಗಳಲ್ಲಿ ತುಂಬಿ ಉಪದೇಶಿಯವರ ಸೈಕಲ್ಲಿಗೆ ಎರಡೂ ಕಡೆ ಕಟ್ಟಿದೆವು. ಅವರು ಮಕ್ಕಳಿಗೆ ಜಪ ಕಲಿಸುವವರು. ವಯಸ್ಸಾದವರು, ಆದರೂ ಸೈಕಲ್ ತುಳಿಯುವುದರಲ್ಲಿ ಗಟ್ಟಿ. ಸಿಸ್ಟರ್ ಹಿಂದೆ ನಡೆದರು. ನಾನು ಪಾತ್ರೆ ತೊಳೆದು ಕಾರ್ಖಾನೆಗೆ ಹೋದೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕ್ಯಾನುಗಳು ತುಂಬಿದ್ದ ಹಾಗೇ ಅಂಗಳದಲ್ಲಿದ್ದವು. ಮುಚ್ಚಳ ತೆಗೆದರೆ ಹುಳಿ ವಾಸನೆ. ಆ ಬಿಸಿಲಿಗೆ ಗಂಜಿ ಸಂಜೆಯವರೆಗೂ ತಡೆಯುವುದಿಲ್ಲ.

"ಒಂದು ಮನೆಯಲ್ಲೂ ತಗೊಳ್ಳಲಿಲ್ಲಮ್ಮ," ಎಂದರು ಉಪದೇಶಿ. "ಭೇದಿ ಆಗೋನಿಗೆ ನೀರು ಕೊಟ್ರೆ ಇನ್ನೂ ಜಾಸ್ತಿ ಆಗುತ್ತೆ ಅಂತಾರೆ. ಹೋಗ್ತಾ ಇರೋದೇ ಗಂಜಿ ಥರ, ಮೇಲಿಂದ ಇನ್ನೂ ಗಂಜಿ ಯಾಕೆ ಅಂತ ಒಬ್ರು ನಕ್ಕರು. ಚರ್ಚಿಂದು ಅಂದ ತಕ್ಷಣ ಬಾಗಿಲು ಹಾಕ್ಕೊಂಡೋರೂ ಇದಾರೆ."

ಹಾಗೆ ಮೂರು ದಿನ ನಡೆಯಿತು. ಬೇಯಿಸುವುದು, ಕಳಿಸುವುದು, ವಾಪಸು ಬಂದದ್ದನ್ನು ಚರಂಡಿಗೆ ಚೆಲ್ಲುವುದು. ಸುಡುಗಂಜಿ ಸೋಸಿ ಸೋಸಿ ನನ್ನ ಅಂಗೈ ಕೆಂಪಾಗಿತ್ತು. ಚರ್ಚಿಗೆ ಬಂದಿದ್ದ ನಮ್ಮತ್ತೆ ಒಂದು ಸಲ ನಾನು ಚೆಲ್ಲುವುದನ್ನು ನೋಡಿಬಿಟ್ಟರು. ತಪಸ್ಸು ಕಾಲ ಪೂರ್ತಿ ಒಂದೇ ಹೊತ್ತು ಉಣ್ಣುವವರು ಅವರು. ಶುಕ್ರವಾರ ಅದೂ ಇಲ್ಲ.

"ಒಂದೊಂದು ಹಿಡಿ ಹೊಟ್ಟೆ ಕಟ್ಟಿ ಕೊಟ್ಟಿದ್ದು ಕಣೇ ಇದು," ಎಂದರು. ಬೈಯಲಿಲ್ಲ. ಅಷ್ಟು ಹೇಳಿ ಸೆರಗು ತಲೆಗೆ ಎಳೆದುಕೊಂಡು ಶಿಲುಬೆಹಾದಿಯ ಪ್ರಾರ್ಥನೆಗೆ ಒಳಗೆ ಹೋದರು.

ನಾಲ್ಕನೆಯ ದಿನ ಆ ಹಳ್ಳಿಯಲ್ಲಿ ಒಬ್ಬ ಬಾಣಂತಿ ಸತ್ತಳು. ಅವಳ ಮನೆಯ ಮುಂದೆ ಕ್ಯಾನು ಇಳಿಸಿ ಸಿಸ್ಟರ್ ಅರ್ಧ ಗಂಟೆ ಕೇಳಿಕೊಂಡಿದ್ದರಂತೆ. ನಾನು ಕೇಳಿದೆ: "ನಾನೇ ಒಂದ್ಸಲ ಬಂದು ನೋಡ್ಲಾ?"

ಸಿಸ್ಟರ್ ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿದರು. ಆಮೇಲೆ ಹೇಳಿದರು: "ನೀವು ಆ ಊರಿನೊಳಗೆ ಕಾಲಿಟ್ಟರೆ ಕ್ಯಾಂಟೀನಿಗೆ ಹೋಗಬಾರದು. ಅಷ್ಟು ಜನರಿಗೆ ಅಡುಗೆ ಮಾಡುವ ಕೈ ನಿಮ್ಮದು. ಯೋಚನೆ ಮಾಡಿ."

ಅಂದು ಪಾಳಿಗೆ ಹೋದವಳು ಕ್ಯಾಂಟೀನಿನ ಸೂಪರ್‌ವೈಸರ್ ಹತ್ತಿರ ಈಸ್ಟರ್ ಮುಗಿಯುವವರೆಗೆ ರಜೆ ಕೇಳಿದೆ. ಅವರು ಮುಖ ಎತ್ತದೆ ಹೇಳಿದರು. "ನಿಮ್ಮ ಹಬ್ಬಕ್ಕೆ ಇನ್ನೂ ಎಷ್ಟೋ ದಿನ ಇದೆಯಲ್ಲಮ್ಮ. ರಜೆ ಎಲ್ಲಿದೆ? ಸಂಬಳ ಇಲ್ಲದೆ ಹೋಗ್ತೀನಿ ಅಂದ್ರೆ ಹೋಗು. ಬಂದಾಗ ಕೆಲಸ ಇರುತ್ತೋ ಇಲ್ವೋ, ನಾನು ಹೇಳೋಕಾಗಲ್ಲ."

ಮನೆಯಲ್ಲಿ ನನ್ನ ಯಜಮಾನರು ನನ್ನ ಸಂಬಳವಿಲ್ಲದ ದಿನಗಳನ್ನು ಲೆಕ್ಕ ಹಾಕುತ್ತಾ ಕೂತರು. ಅವರದು ಗಿರಣಿ ಕೆಲಸ. ಅತ್ತೆಯೇ ಹೇಳಿದ್ದು: "ಹೋಗ್ಲಿ ಬಿಡೋ. ಹೋಗೋದಾದ್ರೆ ಪೂರ್ತಿ ಹೋಗ್ಲಿ."

ಮಾರನೆಯ ದಿನ ಕ್ಯಾನಿನ ಜೊತೆ ನಾನೂ ನಡೆದೆ. ಹೊಸ ಬಡಾವಣೆಯ ಸೈಟುಕಲ್ಲುಗಳು ಮುಗಿದು, ರಾಗಿ ಕೊಯ್ದ ಹೊಲಗಳು ಶುರುವಾಗುವಲ್ಲಿ ಆ ಊರು. ಬೀದಿಯಲ್ಲಿ ಬ್ಲೀಚಿಂಗ್ ಪೌಡರಿನ ಘಾಟು. ಒಂದು ದೊಡ್ಡ ತೊಟ್ಟಿ ಮನೆಯ ಜಗುಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅದು ಗೌಡರ ಮನೆ. ಒಳಗೆ ಸೊಸೆ ಮಲಗಿದ್ದಳು. ಬಾಗಿಲಿನಿಂದಲೇ ಅವಳ ಕಣ್ಣು ಕಂಡವು, ಒಳಕ್ಕೆ ಎಳೆದುಕೊಂಡಂತೆ ಹೂತುಹೋಗಿದ್ದವು.

"ಗಂಜಿ ತಂದಿದ್ದೀನಿ ಅಜ್ಜಿ. ಸ್ವಲ್ಪ ಸ್ವಲ್ಪ ಕುಡಿಸಿದ್ರೆ ಉಳ್ಕೊಳ್ತಾರೆ."

"ತಗೊಂಡೋಗವ್ವ," ಎಂದರು ಅಜ್ಜಿ. ಸಿಟ್ಟಿರಲಿಲ್ಲ. "ನಾವು ಇನ್ನೊಬ್ಬರ ಒಲೆದು ಉಣ್ಣಾಕಿಲ್ಲ. ನಾನು ಹುಟ್ಟಿದಾಗಿಂದ ಉಂಡಿಲ್ಲ. ಈಗ ಸಾಯೋ ಕಾಲದಲ್ಲಿ ಯಾಕೆ?"

ನನಗೆ ಸಿಟ್ಟು ಬಂತು. ವಾಪಸು ತಿರುಗಿ ನಾಲ್ಕು ಹೆಜ್ಜೆ ಹಾಕಿಯೂ ಬಿಟ್ಟೆ. ಆಗ ತಲೆಗೆ ಬಂದದ್ದು ಬಹಳ ಸಾಮಾನ್ಯ ವಿಚಾರ, ಮೊದಲ ದಿನವೇ ಹೊಳೆಯಬೇಕಿತ್ತು. ಬೇಯಿಸಿದ ಅನ್ನಕ್ಕೆ ಜಾತಿ ಉಂಟು, ಹಸಿ ಅಕ್ಕಿಗೆ ಇಲ್ಲ. ಅಂಗಡಿಯ ಅಕ್ಕಿಯನ್ನು ಯಾರು ಅಳೆದರು ಎಂದು ಯಾರೂ ಕೇಳುವುದಿಲ್ಲ.

ತಿರುಗಿ ಬಂದು ಕೇಳಿದೆ: "ಅಜ್ಜಿ, ಗಂಜಿ ಬೇಡ. ಅಕ್ಕಿ ಕೊಟ್ರೆ ತಗೊಳ್ತೀರಾ? ನಿಮ್ಮ ಒಲೆ, ನಿಮ್ಮ ಪಾತ್ರೆ. ನೀವೇ ಮಾಡಿ. ನಾನು ಹೊಸಲು ದಾಟಲ್ಲ, ಇಲ್ಲೇ ನಿಂತು ಹೇಳ್ತೀನಿ."

ಅಜ್ಜಿ ನನ್ನ ಮುಖ ನೋಡಿದರು. "ಅಕ್ಕಿ ನಮ್ಮನೇಲೂ ಐತೆ ಕಣವ್ವ."

"ಹಂಗಾದ್ರೆ ಇನ್ನೂ ಒಳ್ಳೇದು."

"ಭೇದಿ ಜಾಸ್ತಿ ಆದ್ರೆ?"

"ಆಗುತ್ತೆ. ಆದ್ರೂ ಕುಡಿಸಬೇಕು. ಹೋದಷ್ಟೂ ಕುಡಿಸಬೇಕು."

ಸುಳ್ಳು ಹೇಳಬಾರದೆಂದು ಸಿಸ್ಟರ್ ನನಗೆ ಮೊದಲೇ ಹೇಳಿದ್ದರು. ಅಜ್ಜಿ ಎದ್ದರು. ನಾನು ಆ ಬಿಸಿಲಲ್ಲಿ ಅಂಗಳದಲ್ಲಿ ನಿಂತು ಒಳಗೆ ಕಾಣದ ಒಲೆಯ ಅಡುಗೆ ಮಾಡಿಸಿದೆ. ನೀರು ಮರಳ್ತಾ ಇದೆಯಾ? ಗುಳ್ಳೆ ದೊಡ್ಡದಾ ಚಿಕ್ಕದಾ? ಈಗ ಉಪ್ಪು, ಮೂರು ಬೆರಳಲ್ಲಿ ಹಿಡಿದಷ್ಟೇ. ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿನಷ್ಟು. ಒಳಗಿಂದ ಅಜ್ಜಿ ಕೂಗಿದರು: "ಈ ವಾರದಾಗೆ ಅದರ ರುಚಿ ಚೆಂದಾಗಿ ಗೊತ್ತೈತೆ ಬಿಡು."

ಚಮಚದಲ್ಲಿ ಕುಡಿಸಿದರು. ಮೊದಲ ಲೋಟ ವಾಂತಿಯಾಯಿತು. ಅಜ್ಜಿ ಹೊರಗೆ ಬಂದು ನನ್ನನ್ನೇ ದುರುಗುಟ್ಟಿ ನೋಡಿದರು. ಸ್ವಲ್ಪ ಬಿಟ್ಟು ಮತ್ತೆ ಶುರುಮಾಡಿ, ಇನ್ನೂ ನಿಧಾನವಾಗಿ, ಎಂದೆ. ಸಂಜೆಯ ಹೊತ್ತಿಗೆ ಆ ಸೊಸೆ ಉಚ್ಚೆ ಹೊಯ್ದಳು, ಮೈಗೆ ನೀರು ಹತ್ತಿದೆ ಎಂಬುದಕ್ಕೆ ಅದೇ ಗುರುತು. ಸಿಸ್ಟರ್ ಅದನ್ನು ಕೇಳಿ ಹಣೆಗೆ, ಎದೆಗೆ, ಹೆಗಲಿಗೆ ಕೈಮುಟ್ಟಿಸಿ ಶಿಲುಬೆ ಗುರುತು ಹಾಕಿಕೊಂಡರು. ಹೆಣ್ಣೊಬ್ಬಳು ಉಚ್ಚೆ ಹೊಯ್ದದ್ದಕ್ಕೆ ದೇವರಿಗೆ ವಂದನೆ ಹೇಳಿದ್ದನ್ನು ನಾನು ಅಂದೇ ನೋಡಿದ್ದು.

ಅಲ್ಲಿಂದ ಚರ್ಚಿನಲ್ಲಿ ಬೇಯಿಸುವುದನ್ನು ನಿಲ್ಲಿಸಿದೆವು. ಉಪದೇಶಿಯವರ ಸೈಕಲ್ಲಿಗೆ ಕ್ಯಾನಿನ ಬದಲು ನುಚ್ಚಿನ ಚೀಲ, ಉಪ್ಪಿನ ಪೊಟ್ಟಣ. ಅಕ್ಕಿ ಇಲ್ಲದ ಮನೆಗಳೇ ಹೆಚ್ಚು. ಕಲ್ಲು ಒಡೆಯುವವರು, ಇಟ್ಟಿಗೆ ಗೂಡಿನವರು, ಊರ ಹೊರಗಿನ ಕೇರಿಯವರು. ಅವರಿಗೆ ನಮ್ಮ ಹಿಡಿ ಅಕ್ಕಿ. ನನ್ನ ಕೆಲಸ ಹೊಸಲಾಚೆ ನಿಂತು ಹೇಳುವುದು. ಬಾವಿಯ ನೀರನ್ನು ಕುದಿಸಿಯೇ ಕುಡಿಯಿರಿ, ಕೈ ಬೂದಿ ಹಾಕಿ ತೊಳೆಯಿರಿ, ವಾಂತಿಯ ಬಟ್ಟೆಯನ್ನು ಬಾವಿಕಟ್ಟೆಗೆ ತರಬೇಡಿ, ಕಾಯಿಲೆಯ ಮನೆಯಿಂದ ದೂರ ಇರಿ. ದಿನಾ ಅದೇ ಮಾತು, ಬೇರೆ ಬೇರೆ ಬಾಗಿಲು. ಎಲ್ಲರೂ ಕೇಳಲಿಲ್ಲ. ಒಂದು ಮನೆಯವರು ನಾನು ಮತಾಂತರಕ್ಕೆ ಬಂದವಳೆಂದು ನಾಯಿ ಬಿಟ್ಟರು. ಅಂಥ ಮನೆಗಳಿಗೆ ಗೌಡರ ಮನೆಯ ಅಜ್ಜಿಯೇ ಕೋಲೂರಿಕೊಂಡು ಹೋಗಿ, ನನ್ನದೇ ಮಾತುಗಳನ್ನು ನನಗಿಂತ ಜೋರಾಗಿ ಹೇಳಿ ಬಂದರು. ಆದರೂ ಇನ್ನಿಬ್ಬರು ಸತ್ತರು. ಒಬ್ಬ ಮುದುಕ, ಒಂದು ಹೆಣ್ಣುಮಗು.

ಮನೆಗೆ ಬಂದರೆ ಸೀರೆಯನ್ನು ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ, ಮೈ ತೊಳೆದುಕೊಂಡು ಒಳಗೆ ಬರುತ್ತಿದ್ದೆ. ಅತ್ತೆ ಬಚ್ಚಲ ಒಲೆಗೆ ಬೆಂಕಿ ಹಾಕಿಟ್ಟಿರುತ್ತಿದ್ದರು. ಉಂಡದ್ದು ನೆನಪಿಲ್ಲ. ಜಪಮಣಿ ಹಿಡಿದರೆ ಎರಡನೆಯ ಮಣಿಗೇ ನಿದ್ದೆ.

ಈಸ್ಟರಿಗೆ ಒಂದು ವಾರವಿರುವ ಗರಿಗಳ ಭಾನುವಾರದ ಹೊತ್ತಿಗೆ ಕೋಣೆಯಲ್ಲಿ ಅಕ್ಕಿ ತಳ ಕಂಡಿತ್ತು. ಅಂದು ಪೂಜೆಯ ಕೊನೆಗೆ ಸ್ವಾಮಿಯವರು, ಈ ವರ್ಷ ಶುಕ್ರವಾರ ಗಂಜಿ ಇರುವುದಿಲ್ಲ, ಆರಾಧನೆ ಮುಗಿಸಿ ಮನೆಗೆ ಹೋಗಿ ಎಂದರು. ಕಾಯಿಲೆ ಹರಡದಂತೆ ಅಂದು ಶಿಲುಬೆಯ ಪಾದಕ್ಕೆ ಯಾರೂ ಮುತ್ತಿಡಬಾರದು, ದೂರದಿಂದ ಕೈಮುಗಿದರೆ ಸಾಕು ಎಂದರು. ಅಂಗಳದಲ್ಲಿ ಗೊಣಗಾಟ ಕೇಳಿಸಿತು. ನನಗೆ ಅದನ್ನು ಕಿವಿಗೆ ಹಾಕಿಕೊಳ್ಳುವಷ್ಟು ಶಕ್ತಿಯಿರಲಿಲ್ಲ.

ಶುಭ ಶುಕ್ರವಾರ ಬೆಳಿಗ್ಗೆ ಇಟ್ಟಿಗೆ ಗೂಡಿನಲ್ಲಿ ಹೊಸದಾಗಿ ಒಬ್ಬನಿಗೆ ಶುರುವಾಗಿದೆ ಎಂದು ಸುದ್ದಿ ಬಂತು. ಹೋಗಿ, ಅವನ ಹೆಂಡತಿಗೆ ಗಂಜಿ ಮಾಡಿಸಿ, ಮಧ್ಯಾಹ್ನದ ಆರಾಧನೆಗೆ ಹೊತ್ತಾಗುತ್ತದೆಂದು ಬೇಗ ಬೇಗ ಬಂದೆ. ಮನೆಯ ಬಾಗಿಲು ತೆರೆದಿತ್ತು. ಅತ್ತೆ ಹಿತ್ತಲಿನ ಬಚ್ಚಲ ಹತ್ತಿರ ನೆಲದ ಮೇಲೆ ಮಲಗಿದ್ದರು. ಪಕ್ಕದಲ್ಲಿ ಯಜಮಾನರು ಕುಕ್ಕರುಗಾಲಲ್ಲಿ ಕೂತು ಏನು ಮಾಡಬೇಕೆಂದು ತಿಳಿಯದೆ ಬೀಸಣಿಗೆ ಬೀಸುತ್ತಿದ್ದರು.

ಹಿಂದಿನ ಸಂಜೆಯಿಂದಲೇ ಶುರುವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಪವಿತ್ರ ಗುರುವಾರದ ಪೂಜೆಗೂ ಬಂದು, ಹಿಂದಿನ ಸಾಲಿನಲ್ಲಿ ಕೂತು, ನಮಗಿಂತ ಮುಂಚೆ ಮನೆಗೆ ಹೋಗಿದ್ದರು. ನಾನು ತೋಳಿನ ಚರ್ಮ ಎಳೆದು ಬಿಟ್ಟೆ. ಹಿಟ್ಟಿನ ಹಾಗೆ ಎಳೆದಲ್ಲೇ ನಿಂತಿತು. ಅಷ್ಟು ದಿನ ಆ ಊರಿನಲ್ಲಿ ನೋಡಿ ನೋಡಿ ನನಗೆ ಅದರ ಅರ್ಥ ಗೊತ್ತಿತ್ತು, ಮೈಯ ನೀರೆಲ್ಲ ಬತ್ತಿದೆ ಎಂದು.

ಓಣಿಯ ಹುಡುಗನನ್ನು ಓಡಿಸಿ ಸಿಸ್ಟರನ್ನು ಕರೆಸಿದೆ. ಅವರು ನಾಡಿ ಹಿಡಿದು ಬಹಳ ಹೊತ್ತು ಹುಡುಕಿದರು. "ಈಗಲೇ ಆಸ್ಪತ್ರೆಗೆ. ರಕ್ತನಾಳಕ್ಕೆ ನೀರು ಕೊಡಬೇಕು. ಗಾಡಿ ಬರುವವರೆಗೆ ಬಾಯಲ್ಲಿ ಕುಡಿಸಿ." ಯಜಮಾನರು ಆಟೋ ಹುಡುಕಲು ಓಡಿದರು. ನಾವಿದ್ದದ್ದು ಬಾಡಿಗೆಯ ಒಂದು ಪೋರ್ಷನ್. ಮೇಲಿನ ಮನೆಯ ಓನರ್ ಆಂಟಿ ಮೆಟ್ಟಿಲ ಮೇಲಿಂದ ಕೇಳಿದರು: "ಅದೇನಾ? ಅದೇ ಕಾಯಿಲೇನಾ? ಬೇಗ ಆಸ್ಪತ್ರೆಗೆ ಸೇರಿಸ್ಬಿಡ್ರಿ, ಮೇಲೆ ಮಕ್ಕಳಿದಾವೆ." ಅವರ ಬಾಗಿಲು ಮುಚ್ಚಿಕೊಂಡಿತು.

ಗಂಜಿ ಮಾಡಿ ಆರಿಸಿ ಚಮಚ ಹಿಡಿದೆ. ಅತ್ತೆ ತುಟಿ ಬಿಗಿದುಕೊಂಡರು.

"ಆರಾಧನೆ ಮುಗೀಲಿ."

"ಅತ್ತೆ, ಬೇಡ, ಹೀಗೆ ಮಾಡಬೇಡಿ. ನೀರಿಗೆ ಉಪವಾಸ ಇಲ್ಲ."

"ನನಗಿದೆ. ಮದುವೆ ಆದಾಗಿಂದ ಈ ಶುಕ್ರವಾರ ನೀರೂ ಮುಟ್ಟಿಲ್ಲ. ದೇವರು ಶಿಲುಬೆ ಮೇಲಿರೋ ಹೊತ್ತಲ್ಲಿ ನಾನು ಗಂಜಿ ಕುಡೀಲಾ?"

ಸಿಸ್ಟರ್ ಹೇಳಿದರು. ಕೇಳಲಿಲ್ಲ. ಆರಾಧನೆಗೆ ಸಿದ್ಧವಾಗುತ್ತಿದ್ದ ಸ್ವಾಮಿಯವರು ಹಾಗೇ ಬಂದು, ಕಾಯಿಲೆಯವರಿಗೆ ಹಚ್ಚುವ ಪವಿತ್ರ ಎಣ್ಣೆಯನ್ನು ಹಣೆಗೆ ಹಚ್ಚಿ ಜಪ ಹೇಳಿ, ನೆಲದ ಮೇಲೆ ಅವರ ಪಕ್ಕ ಕೂತರು. "ಅಮ್ಮ, ನಿಮ್ಮ ವಯಸ್ಸಿಗೆ ಉಪವಾಸದ ಕಟ್ಟಳೆಯೇ ಇಲ್ಲ. ನಾನು ಅಪ್ಪಣೆ ಕೊಡ್ತಾ ಇದೀನಿ, ಕುಡೀರಿ."

"ನೀವು ಕೊಡ್ತೀರ ಸ್ವಾಮಿ, ದೊಡ್ಡ ಮನಸ್ಸು. ನೀವು ಹೊರಡಿ, ಜನ ಕಾಯ್ತಾ ಇರ್ತಾರೆ."

ಅವರು ಹೋದರು. ಚರ್ಚಿನ ಗಂಟೆ ಆ ದಿನ ಹೊಡೆಯುವುದಿಲ್ಲ. ಅದರ ಬದಲು ಮರದ ಹಲಗೆ ಬಡಿಯುವ ಸದ್ದು ಎರಡು ಬೀದಿಯಾಚೆಯಿಂದ ಕೇಳಿಸಿತು. ಗುರುತು ಪರಿಚಯವಿಲ್ಲದ ಊರಿನವರನ್ನೆಲ್ಲ ಒಪ್ಪಿಸಿ ಬಂದವಳು ನಾನು. ನನ್ನ ಮನೆಯ ಒಂದು ಬಾಯಿ ತೆರೆಸಲಾಗದೆ ಕೂತಿದ್ದೆ. ಕೊನೆಗೆ ಬೇರೇನೂ ತೋಚದೆ ಹೇಳಿದೆ: "ಶಿಲುಬೆ ಮೇಲೆ ಅವರೂ ಬಾಯಾರಿಕೆ ಅಂದ್ರಲ್ಲ ಅತ್ತೆ. ಕೊಟ್ಟಿದ್ದು ಕುಡಿದ್ರಲ್ಲ."

ಅತ್ತೆ ಕಣ್ಣು ತೆರೆದರು. ಧ್ವನಿ ಒಡೆದುಹೋಗಿತ್ತು, ಬಗ್ಗಿ ಕೇಳಬೇಕಾಯಿತು.

"ಕುಡಿದ್ರು. ಕುಡಿದ ಮೇಲೇ ಕಣೇ ಪ್ರಾಣ ಬಿಟ್ಟಿದ್ದು."

ನಕ್ಕರೋ ಏನೋ, ತುಟಿ ಸ್ವಲ್ಪ ಅಲುಗಿತು. ಆಮೇಲೆ ಬಾಯಿ ತೆರೆದರು. ಒಂದು ಚಮಚ, ಇನ್ನೊಂದು ಚಮಚ. ನಾನು ಎಣಿಸಲಿಲ್ಲ. ಒಳಗೆ ಇಳಿಯುತ್ತಿದ್ದುದನ್ನು ಗಂಟಲ ಮೇಲೆ ನೋಡುತ್ತಿದ್ದೆ.

ಕಾಯಿಲೆಯ ಹೆಸರು ಕೇಳಿ ಆಟೋದವರು ಒಬ್ಬೊಬ್ಬರೇ ಜಾರಿಕೊಂಡಿದ್ದರು. ಯಜಮಾನರಿಗೆ ಸಿಕ್ಕಿದ್ದು ತರಕಾರಿ ಟೆಂಪೋ. ಖಾಲಿ ಮೂಟೆಗಳ ಮೇಲೆ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಕುಡಿಸುತ್ತಾ ಹೋದೆ. ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರೇ ಸಿಕ್ಕರು, ಓಡಿ ಬಂದರು. ಆದರೆ ಸೂಜಿಗೆ ರಕ್ತನಾಳ ಸಿಗಲಿಲ್ಲ. ಎಲ್ಲ ಒಣಗಿ ಅಂಟಿಕೊಂಡಿದ್ದವು. ಕೊನೆಗೆ ಕಾಲಿನ ಹತ್ತಿರ ಕೊಯ್ದು ನೀರು ಹತ್ತಿಸಿದರು. ಒಂದಿಷ್ಟು ಹೊತ್ತು ಕಣ್ಣಿಗೆ ಬೆಳಕು ಬಂದಿತ್ತು. ಶನಿವಾರ ಬೆಳಗಾಗುವ ಹೊತ್ತಿಗೆ ಹೋದರು.

"ಯಾರಿಂದ ಬಂತು, ಎಲ್ಲಿಂದ ಬಂತು ಅಂತ ಹುಡುಕಬೇಡಿ," ಎಂದರು ಸಿಸ್ಟರ್. "ನಲ್ಲಿಯ ನೀರು ಇರಬಹುದು, ನೊಣ ಇರಬಹುದು. ನಿಮಗೆ ಗೊತ್ತಾಗುವುದಿಲ್ಲ. ನನಗೂ ಗೊತ್ತಾಗುವುದಿಲ್ಲ." ನಾನು ಹುಡುಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಉತ್ತರ ಸಿಗಲಿಲ್ಲ.

ಮೈ ತೊಳೆಯಲು ನಮಗೆ ಬಿಡಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿಕೊಟ್ಟರು. ಪವಿತ್ರ ಶನಿವಾರ ಯಾವ ಸತ್ತವರಿಗೂ ಪೂಜೆ ಅರ್ಪಿಸುವಂತಿಲ್ಲ. ಪೀಠ ಬರಿದಾಗಿರುತ್ತದೆ, ಗಂಟೆ ಮೌನವಾಗಿರುತ್ತದೆ. ಸ್ವಾಮಿಯವರು ನೇರವಾಗಿ ಸಮಾಧಿಯ ಹತ್ತಿರವೇ ಬಂದು ಪ್ರಾರ್ಥನೆ ಓದಿದರು. ಜನ ಸೇರಬಾರದೆಂದು ಹೇಳಿದ್ದರಿಂದ ಉಪದೇಶಿ, ಸಿಸ್ಟರ್, ನಾವಿಬ್ಬರು, ಗುಂಡಿ ತೋಡಿದವನು, ಅಷ್ಟೇ. ಒಂದು ವರ್ಷವೂ ಪವಿತ್ರ ವಾರದ ಒಂದು ಆರಾಧನೆಯನ್ನೂ ತಪ್ಪಿಸದವರು ಪೂಜೆಯಿಲ್ಲದೆ ಮಣ್ಣಿಗೆ ಹೋದರು. "ಹಬ್ಬ ಮುಗಿದ ಮೇಲೆ ಪೂಜೆ ಕೊಡ್ತೀನಮ್ಮ," ಎಂದರು ಸ್ವಾಮಿಯವರು. ಅವರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು.

ನಡು ಮಧ್ಯಾಹ್ನ ಮನೆಗೆ ಬಂದೆವು. ಮನೆಯ ತುಂಬ ಫಿನಾಯಿಲ್ ವಾಸನೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಊಟ ತಂದುಕೊಡುತ್ತಾರೆ, ಜೊತೆಗೆ ಕೂತು ಬಲವಂತದಿಂದ ಉಣ್ಣಿಸುತ್ತಾರೆ. ಅಂದು ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಬೇಸರವಾಗಲಿಲ್ಲ. ನಾನೇ ತಾನೇ ಮನೆ ಮನೆ ಸುತ್ತಿ, ದೂರ ಇರಿ ಎಂದು ಹೇಳಿಬಂದವಳು. ಯಜಮಾನರು ಗೋಡೆಗೆ ಒರಗಿ ಕೂತಿದ್ದರು. ಹಿಂದಿನ ದಿನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಎದ್ದು ಸೀಮೆಎಣ್ಣೆ ಸ್ಟವ್ ಹತ್ತಿರ ಹೋದೆ. ಪಂಪು ಹೊಡೆಯಲು ಕೈ ಎತ್ತಿದರೆ ಕೈ ಬರಲಿಲ್ಲ. ಅಲ್ಲೇ ಕೂತುಬಿಟ್ಟೆ. ಅತ್ತೆ ಸತ್ತ ಮೇಲೆ ಮೊದಲ ಸಲ ಅತ್ತದ್ದು ಆಗ.

ಹೊರಗೆ ಮೆಟ್ಟಿಲ ಮೇಲೆ ಏನೋ ಇಟ್ಟ ಸದ್ದಾಯಿತು. ಎದ್ದು ಬಾಗಿಲು ತೆಗೆದೆ. ಹೊಸಲಿಂದ ಒಂದು ಮಾರು ದೂರದಲ್ಲಿ ಮುಚ್ಚಿದ ಸ್ಟೀಲ್ ಪಾತ್ರೆ. ಓನರ್ ಆಂಟಿ ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಬಿಸಿ ಇದೆ, ಊಟ ಮಾಡ್ರಿ ಇಬ್ರೂ," ಎಂದರು. ಇನ್ನೆರಡು ಮೆಟ್ಟಿಲು ಹತ್ತಿ, ತಿರುಗಿ ನೋಡದೆ ಹೇಳಿದರು: "ಪಾತ್ರೆ ವಾಪಸ್ ಕೊಡಬೇಡಿ ಆಯ್ತಾ. ನೀವೇ ಇಟ್ಕೊಳ್ಳಿ."

ಅನ್ನ, ತಿಳಿಸಾರು, ಒಂದು ಹೋಳು ಉಪ್ಪಿನಕಾಯಿ. ಯಜಮಾನರಿಗೆ ಬಡಿಸಿ ನಾನೂ ತಟ್ಟೆ ಹಾಕಿಕೊಂಡೆ. ಬೇರೆ ಯಾರೋ ಬೇಯಿಸಿದ ಬಿಸಿ ಅನ್ನ ತಿಂದು ಎಷ್ಟು ಕಾಲವಾಗಿತ್ತೋ. ಕಣ್ಣು ಮುಚ್ಚಿಕೊಂಡು ಉಂಡೆ.